ಮರಕ್ಕೂ ಒಂದು ಮದರಂಗಿ

2022ರ ಮೇ ತಿಂಗಳು. ಈದ್ ಕಳೆದು ಮೂರನೆಯ ವಾರದಲ್ಲಿ ಅಣ್ಣನ ಮಗಳ ನಿಕಾಹ್ ನಿಶ್ಚಯವಾಗಿತ್ತು. ಮನೆಗೆ ಸುಣ್ಣ ಬಣ್ಣ ಮುಗಿದಿತ್ತು. ಉಳಿದದ್ದು ಹಿಂಬದಿಯ ಮರದ ಜಗಲಿ ಮಾತ್ರ. ಅಣ್ಣ ಗಲ್ಫಿನಿಂದ ರಜೆಯಲ್ಲಿ ಬಂದಿದ್ದಾಗ ಆಸೆಪಟ್ಟು ಕಟ್ಟಿಸಿದ ಜಗಲಿಯದು. ನೆಲದಿಂದ ಎರಡಡಿ ಎತ್ತರದಲ್ಲಿ, ಕಂಬಗಳ ಮೇಲೆ ಸಾಲಾಗಿ ಕೂರಿಸಿದ ಬೋಗಿ ಮರದ ಹಲಗೆಗಳು. ಮೇಲೆ ಮಾಡಿಲ್ಲ, ಎದುರಿಗೆ ತೆಂಗಿನ ತೋಟ. ಈಗಿನ ಮನೆ ಕಟ್ಟುವವರು ಅದನ್ನು ‘ಡೆಕ್’ ಎನ್ನುತ್ತಾರೆ. ನಾಲ್ಕು ಮಳೆಗಾಲ ಕಂಡು ಅದರ ಹಲಗೆಗಳು ಬೂದಿ ಬಣ್ಣಕ್ಕೆ ತಿರುಗಿದ್ದವು.

ಮದುವೆ ಸೀಸನ್ ಆದುದರಿಂದ ಪಾಲಿಶ್ ಕೆಲಸದವರು ಸಿಗಲಿಲ್ಲ. ‘ನಾವೇ ಹಚ್ಚಿದರೇನು?’ ಎಂದರು ಅತ್ತಿಗೆ. ಶಾಲೆಗೆ ರಜೆಯಿದ್ದುದರಿಂದ ನಾನೂ ಸೆರಗು ಕಟ್ಟಿದೆ. ಅಂಗಡಿಯಿಂದ ಮರಕ್ಕೆ ಹಚ್ಚುವ ಸ್ಟೈನ್ ಬಂತು. ದಪ್ಪಗೆ ಹಚ್ಚಿದರೆ ಹೆಚ್ಚು ಬಾಳಿಕೆ ಎಂದು ಯಾರೋ ಹೇಳಿದರು. ನಾವು ಬೆಳಿಗ್ಗೆ ಒಂದು ಕೈ, ಸಂಜೆ ಮತ್ತೊಂದು ಕೈ ಹಚ್ಚಿ ಮುಗಿಸಿದೆವು. ಸಂಜೆಯ ಬೆಳಕಿನಲ್ಲಿ ಜಗಲಿ ಕನ್ನಡಿಯಂತೆ ಹೊಳೆಯಿತು. ನಮ್ಮ ಕೆಲಸಕ್ಕೆ ನಾವೇ ಹೆಮ್ಮೆಪಟ್ಟೆವು.

ಆದರೆ ಅದು ಒಣಗಲೇ ಇಲ್ಲ. ಮರುದಿನ ಅಂಟು, ಮೂರನೆಯ ದಿನವೂ ಅಂಟು. ನಡುವೆ ಒಂದು ಮಳೆಯೂ ಬಿತ್ತು. ಮದುವೆಯ ದಿನ ಹೆಂಗಸರಿಗೆ ಅಲ್ಲೇ ಚಾಪೆ ಹಾಸಿದ್ದೆವು. ಚಾಪೆ ಹಲಗೆಗೆ ಅಂಟಿಕೊಂಡಿತು. ಓಡಾಡಿದ ಪುಟ್ಟ ಮಕ್ಕಳ ಬಿಳಿ ಫ್ರಾಕುಗಳ ಮೇಲೆ ಕಂದು ಕಲೆಗಳು. ನೆಂಟರೊಬ್ಬರು ಹೊಸ ಸೀರೆಯ ಅಂಚು ಎತ್ತಿ ನೋಡಿದ ನೋಟ ನನಗೆ ಇಂದಿಗೂ ಮರೆತಿಲ್ಲ. ಅತಿಥಿಗಳೆಲ್ಲ ಹೋದ ಮೇಲೆ ಅತ್ತಿಗೆ ಅಡುಗೆ ಕೋಣೆಯಲ್ಲಿ ಕುಳಿತು ಅತ್ತರು. ಅಣ್ಣ ಏನೂ ಹೇಳಲಿಲ್ಲ. ಹೇಳದೆ ಇದ್ದುದೇ ನಮಗೆ ಹೆಚ್ಚು ನೋವಾಯಿತು.

ಆಗಸ್ಟ್ ಹೊತ್ತಿಗೆ ಆ ಬಣ್ಣ ಈರುಳ್ಳಿ ಸಿಪ್ಪೆಯ ಹಾಗೆ ಎದ್ದು ಬಂತು. ಬಾಗಿಲ ರಿಪೇರಿಗೆಂದು ಬಂದ ವಯಸ್ಸಾದ ಆಚಾರಿಯೊಬ್ಬರು ಒಂದು ಚೂರನ್ನು ಉಗುರಿನಿಂದ ಕಿತ್ತು ತೋರಿಸಿದರು.

‘ಟೀಚರೇ, ನೀವು ಮರಕ್ಕೆ ಕುಡಿಸಲಿಲ್ಲ. ಮರದ ಮೇಲೆ ಚೆಲ್ಲಿದಿರಿ.’

ಅಂದು ಅವರಿಂದ ಕೇಳಿದ್ದು, ಅನಂತರ ಓದಿ ತಿಳಿದದ್ದು, ಮುಂದಿನ ಬಾರಿ ನಮ್ಮ ಕೈಯಿಂದಲೇ ಮಾಡಿ ಕಲಿತದ್ದು ಇವೆಲ್ಲವನ್ನೂ ಸಹೋದರಿಯರ ಮುಂದಿಡುತ್ತಿದ್ದೇನೆ. ನಿಮ್ಮ ಮನೆಯಲ್ಲಿ ಮರದ ಜಗಲಿ ಇಲ್ಲದಿರಬಹುದು. ಆದರೆ ಮಳೆ ಬಿಸಿಲಿಗೆ ಮೈಯೊಡ್ಡಿದ ಬಾಗಿಲು, ಕಿಟಕಿ, ಮಾಳಿಗೆಯ ಕಟಾಂಜನ, ಅಂಗಳದ ಬೆಂಚು, ಉಯ್ಯಾಲೆಯ ಹಲಗೆ ಇವುಗಳಲ್ಲಿ ಒಂದಾದರೂ ಇದ್ದೇ ಇರುತ್ತದೆ. ಇವೆಲ್ಲಕ್ಕೂ ನಿಯಮ ಹೆಚ್ಚು ಕಡಿಮೆ ಒಂದೇ.

ಮದರಂಗಿ ಮತ್ತು ನೈಲ್ ಪಾಲಿಶ್

ಪೈಂಟ್‌ಗೂ ಸ್ಟೈನ್‌ಗೂ ಇರುವ ವ್ಯತ್ಯಾಸ ತಿಳಿಯಲು ನಮ್ಮ ಕೈಗಳನ್ನೇ ನೋಡಿಕೊಂಡರೆ ಸಾಕು. ನೈಲ್ ಪಾಲಿಶ್ ಉಗುರಿನ ಮೇಲೆ ಒಂದು ಪದರವಾಗಿ ಕೂರುತ್ತದೆ, ನೀರನ್ನು ಒಳಗೆ ಬಿಡುವುದಿಲ್ಲ. ಮದರಂಗಿ ಚರ್ಮದೊಳಗೆ ಇಳಿದು ಬಣ್ಣ ಕೊಡುತ್ತದೆ, ಮೇಲೆ ಪದರವಿರುವುದಿಲ್ಲ. ವುಝೂ ಮಾಡುವ ನಮಗೆ ಈ ವ್ಯತ್ಯಾಸ ಹೊಸದೇನಲ್ಲ.

ಪೈಂಟ್ ಮತ್ತು ವಾರ್ನಿಶ್ ನೈಲ್ ಪಾಲಿಶ್‌ನ ಜಾತಿಯವು. ಮರದ ಎಳೆಗಳೊಳಗೆ ಇಳಿಯುವ ಸ್ಟೈನ್ ಮದರಂಗಿಯ ಜಾತಿಯದು. ಮದರಂಗಿ ಹಚ್ಚಿ ಬಣ್ಣ ಹಿಡಿದ ಮೇಲೆ ಉಳಿದ ಸೊಪ್ಪನ್ನು ನಾವು ಉದುರಿಸುತ್ತೇವಲ್ಲವೇ? ಹಾಗೆಯೇ ಸ್ಟೈನ್ ಹಚ್ಚಿದ ಮೇಲೆ ಮರ ಕುಡಿಯದೆ ಬಿಟ್ಟದ್ದನ್ನು ಒರೆಸಿ ತೆಗೆಯಬೇಕು. ನಾವು ಮಾಡಿದ ದೊಡ್ಡ ತಪ್ಪು ಅದನ್ನು ಒರೆಸದೆ ಬಿಟ್ಟದ್ದು. ಬೋಗಿ ಬಹಳ ಗಟ್ಟಿ ಮರ, ಕುಡಿಯುವುದೇ ಕಡಿಮೆ. ಅದರ ಮೇಲೆ ಎರಡು ಕೈ ದಪ್ಪಗೆ ಬಳಿದಾಗ ಒಳಗಿಳಿಯದ ಬಣ್ಣವೆಲ್ಲ ಮೇಲೆ ನಿಂತು ಅಂಟಾಯಿತು. ಮಳೆ ನೀರು ಹಲಗೆಯ ಸಂದಿಗಳಿಂದ ಒಳಸೇರಿದಾಗ ಆ ಪದರ ಸುಲಿದು ಬಂತು.

ಸ್ಟೈನ್‌ನಲ್ಲಿಯೂ ವಿಧಗಳಿವೆ. ಪಾರದರ್ಶಕವಾದುದು ಮರದ ಎಳೆಯನ್ನು ಪೂರ್ತಿ ತೋರಿಸುತ್ತದೆ, ಆದರೆ ಬಿಸಿಲನ್ನು ತಡೆಯುವ ಶಕ್ತಿ ಕಡಿಮೆ. ಅರೆಪಾರದರ್ಶಕದಲ್ಲಿ ಸ್ವಲ್ಪ ಬಣ್ಣದ ಪುಡಿ ಇರುತ್ತದೆ, ಎಳೆಯೂ ಕಾಣುತ್ತದೆ. ಗಾಢವಾದುದು ಹೆಚ್ಚು ಕಡಿಮೆ ಪೈಂಟ್‌ನಂತೆಯೇ ಮರವನ್ನು ಮುಚ್ಚುತ್ತದೆ. ಕಾಲು ತುಳಿಯುವ ನೆಲಕ್ಕೆ ಅರೆಪಾರದರ್ಶಕವೇ ಸೂಕ್ತ. ಸವೆದರೂ ಸುಲಿಯುವುದಿಲ್ಲ. ಮತ್ತೊಮ್ಮೆ ಹಚ್ಚುವುದೂ ಸುಲಭ.

ಒಳಗಿನ ಕುರ್ಚಿ ಮೇಜುಗಳಿಗೆ ಹಾಕುವ ಫ್ರೆಂಚ್ ಪಾಲಿಶ್ ಹೊರಗಿನ ಮರಕ್ಕೆ ಹೇಳಿಸಿದ್ದಲ್ಲ. ಅದು ಅರಗನ್ನು ಸ್ಪಿರಿಟ್‌ನಲ್ಲಿ ಕರಗಿಸಿ ಮಾಡಿದ್ದು. ನೀರು ನಿಂತರೆ ಬಿಳಿ ಕಲೆ ಬೀಳುತ್ತದೆ.

ಬಿಸಿಲು ಮತ್ತು ಮಳೆ ಮಾಡುವ ಕೆಲಸ

ಮರದ ನಾರುಗಳನ್ನು ಒಟ್ಟಿಗೆ ಹಿಡಿದಿಡುವ ಲಿಗ್ನಿನ್ ಎಂಬ ಅಂಟಿನಂತಹ ವಸ್ತುವಿದೆ. ಬಿಸಿಲಿನ ಅತಿನೇರಳೆ ಕಿರಣಗಳು ಅದನ್ನು ಒಡೆಯುತ್ತವೆ. ಮಳೆ ಅದನ್ನು ತೊಳೆದುಕೊಂಡು ಹೋಗುತ್ತದೆ. ಉಳಿಯುವುದು ಬೂದಿ ಬಣ್ಣದ ಸಡಿಲ ನಾರು. ಸ್ಟೈನ್‌ನಲ್ಲಿರುವ ಬಣ್ಣದ ಪುಡಿ ಈ ಕಿರಣಗಳನ್ನು ತಡೆಯುತ್ತದೆ. ಆದುದರಿಂದ ಬಣ್ಣ ಕೇವಲ ಅಂದಕ್ಕಲ್ಲ, ಅದು ಮರಕ್ಕೆ ಕೊಡೆಯೂ ಹೌದು.

ಮಳೆಯಲ್ಲಿ ಮರ ಉಬ್ಬುತ್ತದೆ, ಬಿಸಿಲಿನಲ್ಲಿ ಕುಗ್ಗುತ್ತದೆ. ವರ್ಷಕ್ಕೆ 3500 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುವ ನಮ್ಮ ಕರಾವಳಿಯಲ್ಲಿ ಈ ಉಬ್ಬುವ ಕುಗ್ಗುವ ಆಟವೂ ಹೆಚ್ಚು. ಹಲಗೆಯ ಮೈಗಿಂತ ಅದರ ಕೊಯ್ದ ತುದಿ ಹಲವು ಪಟ್ಟು ವೇಗವಾಗಿ ನೀರು ಕುಡಿಯುತ್ತದೆ. ಹಲಗೆಗಳು ಹೆಚ್ಚಾಗಿ ತುದಿಯಿಂದಲೇ ಕೊಳೆಯಲು ತೊಡಗುವುದಕ್ಕೆ ಇದೇ ಕಾರಣ. ನಾವು ಮೇಲ್ಮೈಯನ್ನು ಹೊಳಪಿಸಿದ್ದೆವು, ತುದಿಗಳನ್ನು ನೋಡಿರಲೇ ಇಲ್ಲ.

ಹಿಂದಿನವರು ದೋಣಿಗಳಿಗೂ ಮಾಡಿನ ಪಕ್ಕಾಸುಗಳಿಗೂ ಗೇರುಬೀಜದ ಸಿಪ್ಪೆಯಿಂದ ತೆಗೆದ ಕಪ್ಪು ಎಣ್ಣೆ ಹಚ್ಚುತ್ತಿದ್ದರು. ಗೆದ್ದಲಿನಿಂದಲೂ ನೀರಿನಿಂದಲೂ ಅದು ಮರವನ್ನು ಕಾಯುತ್ತಿತ್ತು. ಆದರೆ ಆ ಎಣ್ಣೆ ಚರ್ಮಕ್ಕೆ ತಾಗಿದರೆ ಸುಟ್ಟು ಬೊಬ್ಬೆ ಏಳುತ್ತದೆ. ಮಕ್ಕಳು ಕುಳಿತು ಆಡುವ ಜಗಲಿಗೆ ಅದು ಬೇಡ.

ಮೇ ತಿಂಗಳಲ್ಲಲ್ಲ, ಡಿಸೆಂಬರಿನಲ್ಲಿ

ಮಳೆಗಾಲ ಬರುತ್ತದೆಂದು ಮೇ ತಿಂಗಳಲ್ಲಿ ಮರಕ್ಕೆ ಬಣ್ಣ ಹಚ್ಚುವುದು ನಮ್ಮಲ್ಲಿ ವಾಡಿಕೆ. ಇದರಲ್ಲಿ ಎರಡು ತೊಂದರೆಗಳಿವೆ. ಒಂದು, ಸುಡುವ ಹಲಗೆಯ ಮೇಲೆ ಬಣ್ಣ ಒಳಗಿಳಿಯುವ ಮೊದಲೇ ಒಣಗುತ್ತದೆ. ಎರಡು, ಯಾವ ಸಂಜೆ ಗುಡುಗು ಮಳೆ ಬರುತ್ತದೆಂದು ಹೇಳಲಾಗದು. ಗಾಳಿಯಲ್ಲಿ ತೇವವಿದ್ದಷ್ಟೂ ಒಣಗುವುದು ತಡ.

ಕರಾವಳಿಯವರಿಗೆ ಡಿಸೆಂಬರಿನಿಂದ ಫೆಬ್ರವರಿಯವರೆಗಿನ ಸಮಯ ಒಳ್ಳೆಯದು. ಮಳೆ ನಿಂತು ಹಲಗೆ ಆಳದವರೆಗೆ ಒಣಗಲು ಕೆಲವು ವಾರಗಳಾದರೂ ಬೇಕು. ಉಷ್ಣತೆ 10ರಿಂದ 32 ಡಿಗ್ರಿ ಸೆಲ್ಸಿಯಸ್ ಒಳಗಿದ್ದು, ಮುಂದಿನ ಎರಡು ದಿನ ಮಳೆಯ ಸೂಚನೆ ಇಲ್ಲದಿದ್ದರೆ ಧೈರ್ಯದಿಂದ ಕೈ ಹಾಕಬಹುದು. ಮಂಜು ಆರಿದ ಮೇಲೆ, ನೇರ ಬಿಸಿಲು ಬೀಳದ ಹೊತ್ತಿನಲ್ಲಿ ಹಚ್ಚಬೇಕು.

ಮರ ಸಿದ್ಧವಿದೆಯೇ ಎಂದು ತಿಳಿಯಲು ನಾಲ್ಕು ಕಡೆ ಕೆಲವು ಹನಿ ನೀರು ಚಿಮುಕಿಸಿ. ಹನಿ ಬೇಗ ಒಳಗಿಳಿದರೆ ಮರ ಕುಡಿಯಲು ತಯಾರಾಗಿದೆ. ಕೆಸುವಿನೆಲೆಯ ಮೇಲಿನಂತೆ ಮುತ್ತಾಗಿ ನಿಂತರೆ ಹಳೆಯ ಬಣ್ಣ ಇನ್ನೂ ಇದೆ ಎಂದರ್ಥ, ಅಥವಾ ರಂದ ಹಾಕಿದ ಹೊಸ ಹಲಗೆಯ ಮೈ ಇನ್ನೂ ಮುಚ್ಚಿದೆ. ಆಗ ಉಜ್ಜಲೇಬೇಕು.

ತೊಳೆಯುವುದು, ಉಜ್ಜುವುದು

ಮೊದಲು ಹಲಗೆಗಳ ನಡುವಿನ ಸಂದಿಗಳಲ್ಲಿ ಸಿಕ್ಕಿಬಿದ್ದ ಎಲೆ, ಕಸ ತೆಗೆಯಿರಿ. ನೀರು ನಿಲ್ಲುವುದೂ ಕೊಳೆಯುವುದೂ ಅಲ್ಲಿಂದಲೇ. ಅನಂತರ ಸಾಬೂನು ನೀರಿನಲ್ಲಿ ನೈಲಾನ್ ಬ್ರಷ್‌ನಿಂದ ಎಳೆಯುದ್ದಕ್ಕೂ ತಿಕ್ಕಬೇಕು. ಕಬ್ಬಿಣದ ತಂತಿಯ ಬ್ರಷ್ ಬೇಡ. ಅದರ ಸಣ್ಣ ಚೂರುಗಳು ಮರದಲ್ಲಿ ಉಳಿದು ತುಕ್ಕು ಹಿಡಿದು ಕಪ್ಪು ಚುಕ್ಕೆಗಳಾಗುತ್ತವೆ. ಮೊಳೆಯ ಸುತ್ತ ಕಾಣುವ ಕಪ್ಪು ಕಲೆಯೂ ಕಬ್ಬಿಣ ಮತ್ತು ಮರದ ಒಗರು ಸೇರಿ ಆದದ್ದೇ. ಇದನ್ನು ಆಕ್ಸಾಲಿಕ್ ಆಮ್ಲದ ನೀರಿನಿಂದ ತೆಗೆಯಬಹುದು. ಆದರೆ ಅದು ವಿಷ. ಕೈಗವಸು, ಕನ್ನಡಕ ಹಾಕಿಕೊಂಡು ಮಾಡಿ, ಅನಂತರ ಧಾರಾಳ ನೀರಿನಿಂದ ತೊಳೆಯಿರಿ. ತೊಳೆದ ಮೇಲೆ ಎರಡು ಮೂರು ಒಳ್ಳೆಯ ಬಿಸಿಲ ದಿನಗಳಾದರೂ ಒಣಗಲು ಬಿಡಿ.

ಒಣಗಿದ ಮೇಲೆ ಉಪ್ಪುಕಾಗದದಿಂದ ಉಜ್ಜುವ ಕೆಲಸ. ಅಂಗಡಿಯಲ್ಲಿ ಪಾಲಿಶ್ ಪೇಪರ್ ಎಂದು ಕೇಳಿದರೂ ಕೊಡುತ್ತಾರೆ. ಹೊರಗಿನ ಜಗಲಿಗೆ 60 ಅಥವಾ 80 ನಂಬರ್ ಸಾಕು. ನಾವು ಹೆಂಗಸರು ನುಣುಪು ಮಾಡಬೇಕೆಂದು 220ರವರೆಗೆ ಹೋಗುತ್ತೇವೆ. ಅಷ್ಟು ನುಣುಪಾದರೆ ಮರದ ರಂಧ್ರಗಳು ಮುಚ್ಚಿ ಬಣ್ಣ ಒಳಗಿಳಿಯುವುದಿಲ್ಲ. ಉಜ್ಜಿದ ಪುಡಿಯನ್ನು ಗುಡಿಸಿ, ಒದ್ದೆ ಬಟ್ಟೆಯಿಂದ ಒರೆಸಿ. ತೇಗದ ಮರದಲ್ಲಿ ಸ್ವಂತ ಎಣ್ಣೆಯಂಶವಿರುವುದರಿಂದ ಹಚ್ಚುವ ಮೊದಲು ಸ್ಪಿರಿಟ್‌ನಲ್ಲಿ ಅದ್ದಿದ ಬಟ್ಟೆಯಿಂದ ಒಮ್ಮೆ ಒರೆಸಿದರೆ ಬಣ್ಣ ಚೆನ್ನಾಗಿ ಹಿಡಿಯುತ್ತದೆ.

ಇಲ್ಲೊಂದು ಎಚ್ಚರಿಕೆ ಅಗತ್ಯ. ಹಳೆಯ ಮನೆಗಳ ಬಾಗಿಲು ಕಿಟಕಿಗಳ ಮೇಲಿನ ಹಳೆಯ ಪೈಂಟ್‌ನಲ್ಲಿ ಸೀಸ ಇರುವ ಸಾಧ್ಯತೆ ಇದೆ. ನಮ್ಮ ದೇಶದಲ್ಲಿ ಮನೆಬಳಕೆಯ ಪೈಂಟ್‌ನಲ್ಲಿ ಸೀಸದ ಪ್ರಮಾಣ ಹತ್ತು ಲಕ್ಷದಲ್ಲಿ 90 ಭಾಗವನ್ನು ಮೀರಬಾರದೆಂಬ ನಿಯಮ ಬಂದದ್ದು 2016ರಲ್ಲಿ, ಜಾರಿಯಾದದ್ದು 2017ರ ನವೆಂಬರಿನಲ್ಲಿ. ಅದಕ್ಕೂ ಹಿಂದಿನ ಪೈಂಟನ್ನು ಒಣಗಿದ್ದಾಗಲೇ ಉಜ್ಜಿ ಧೂಳೆಬ್ಬಿಸಬೇಡಿ. ಆ ಧೂಳು ಸಣ್ಣ ಮಕ್ಕಳ ಮೆದುಳಿಗೂ ಗರ್ಭದಲ್ಲಿರುವ ಮಗುವಿಗೂ ಹಾನಿಕರ. ಅಮೆರಿಕದಲ್ಲಿ ಮಕ್ಕಳೊಡನೆ ಇರುವ ಓದುಗರಿಗೂ ಒಂದು ಮಾತು. ಅಲ್ಲಿ 2003ರ ಕೊನೆಯವರೆಗೆ ಮನೆಯ ಡೆಕ್‌ಗಳಿಗೆ ಆರ್ಸೆನಿಕ್ ಸೇರಿದ ಔಷಧ ಹಾಕಿದ ಮರವನ್ನು ಬಳಸುತ್ತಿದ್ದರು. ಅಂತಹ ಹಳೆಯ ಡೆಕ್ ಇದ್ದರೆ ಅದನ್ನು ಉಜ್ಜಲೂಬಾರದು, ಅದರ ತುಂಡುಗಳನ್ನು ಒಲೆಗೆ ಹಾಕಲೂಬಾರದು.

ತೆಳು ಮಾಡುವುದು ಎಷ್ಟು, ಯಾವುದರಿಂದ?

ಹೆಚ್ಚಿನವರು ಎಡವುವುದು ಇಲ್ಲಿಯೇ. ಡಬ್ಬಿ ತೆರೆದ ಕೂಡಲೇ ಬಣ್ಣ ದಪ್ಪವಾಗಿ ಕಂಡರೆ ಏನನ್ನಾದರೂ ಸುರಿಯುವ ಮನಸ್ಸಾಗುತ್ತದೆ. ಮೊದಲು ಒಂದು ಕೋಲಿನಿಂದ ತಳದವರೆಗೆ ಚೆನ್ನಾಗಿ ಕಲಸಿ. ಬಣ್ಣದ ಪುಡಿ ತಳದಲ್ಲಿ ಗಸಿಯಂತೆ ಕೂತಿರುತ್ತದೆ. ಅದು ಬೆರೆಯದಿದ್ದರೆ ಮೊದಲ ಹಲಗೆ ತಿಳಿ, ಕೊನೆಯ ಹಲಗೆ ಗಾಢ. ಡಬ್ಬಿಯನ್ನು ಕುಲುಕಬೇಡಿ, ಗುಳ್ಳೆಗಳೇಳುತ್ತವೆ. ಎರಡು ಮೂರು ಡಬ್ಬಿಗಳಿದ್ದರೆ ಎಲ್ಲವನ್ನೂ ಒಂದು ಬಕೆಟ್‌ನಲ್ಲಿ ಸುರಿದು ಒಂದಾಗಿಸಿಕೊಳ್ಳಿ. ಆಗ ಇಡೀ ಜಗಲಿ ಒಂದೇ ಬಣ್ಣವಾಗುತ್ತದೆ.

ಅನಂತರ ಡಬ್ಬಿಯ ಮೇಲಿನ ಬರಹವನ್ನು ಓದಿ. ಹಲವು ಸ್ಟೈನ್‌ಗಳು ಹಚ್ಚಲು ಬೇಕಾದ ಹದದಲ್ಲೇ ಬರುತ್ತವೆ. ‘ತೆಳು ಮಾಡಬಾರದು’ ಎಂದು ಬರೆದಿದ್ದರೆ ಅದನ್ನು ಪಾಲಿಸಿ. ನೆನಪಿಡಿ, ಸ್ಟೈನ್‌ಗೆ ಬೆರೆಸಿದ ಟರ್ಪೆಂಟೈನ್ ಹಾರಿಹೋಗುತ್ತದೆ, ಮರದಲ್ಲಿ ಉಳಿಯುವುದು ಬಣ್ಣದ ಪುಡಿ ಮತ್ತು ಎಣ್ಣೆ ಅಥವಾ ರಾಳ ಮಾತ್ರ. ಸಾರಿಗೆ ನೀರು ಬೆರೆಸಿದರೆ ಪಾತ್ರೆ ತುಂಬುತ್ತದೆ, ರುಚಿ ತುಂಬುವುದಿಲ್ಲ. ಹಾಗೆಯೇ ತೆಳು ಮಾಡಿದಷ್ಟೂ ಬಣ್ಣ ತಿಳಿಯಾಗುತ್ತದೆ, ಬಿಸಿಲು ಮಳೆ ತಡೆಯುವ ಶಕ್ತಿಯೂ ಇಳಿಯುತ್ತದೆ. ಉಳಿತಾಯಕ್ಕಾಗಿ ತೆಳು ಮಾಡುವುದು ಉಳಿತಾಯವಲ್ಲ.

ಹಾಗಾದರೆ ತೆಳು ಮಾಡುವುದು ಯಾವಾಗ? ಅರ್ಧ ಬಳಸಿಟ್ಟ ಡಬ್ಬಿಯಲ್ಲಿ ದ್ರವ ಹಾರಿಹೋಗಿ ದಪ್ಪವಾಗಿದ್ದರೆ. ಅಥವಾ ಬೋಗಿಯಂತಹ ಗಟ್ಟಿ ಮರಕ್ಕೆ ಮೊದಲ ಕೈ ಚೆನ್ನಾಗಿ ಇಳಿಯಲೆಂದು, ಡಬ್ಬಿಯ ಬರಹ ಒಪ್ಪಿದರೆ. ಸಾಮಾನ್ಯವಾಗಿ ನೂರಕ್ಕೆ ಐದರಿಂದ ಹತ್ತು ಭಾಗಕ್ಕಿಂತ ಹೆಚ್ಚು ಬೇಕಾಗುವುದಿಲ್ಲ. ಅಂದರೆ ಒಂದು ಲೀಟರ್ ಸ್ಟೈನ್‌ಗೆ 50ರಿಂದ 100 ಮಿಲಿಲೀಟರ್. ಕಣ್ಣಂದಾಜು ಬೇಡ, ಅಳತೆಯ ಲೋಟ ಬಳಸಿ. ಆ ಲೋಟವನ್ನು ಮತ್ತೆ ಅಡುಗೆ ಕೋಣೆಗೆ ತರಬೇಡಿ. ಸ್ವಲ್ಪ ಸ್ವಲ್ಪವೇ ಹಾಕಿ ಕಲಸಿ, ಅದೇ ಮರದ ತುಂಡಿನ ಮೇಲೆ ಹಚ್ಚಿ ಒರೆಸಿ, ಒಣಗಿದ ಮೇಲೆ ನೋಡಿ ತೃಪ್ತಿಯಾದರೆ ಮಾತ್ರ ಜಗಲಿಗೆ ಇಳಿಯಿರಿ. ಮೊದಲ ಕೈಗೆ ತೆಳು ಮಾಡಿದ್ದರೆ ಇಡೀ ನೆಲಕ್ಕೆ ಅದೇ ಅಳತೆ ಇರಲಿ.

ಯಾವುದಕ್ಕೆ ಯಾವುದು ಎಂಬುದೂ ಮುಖ್ಯ. ಎಣ್ಣೆ ಆಧಾರಿತ ಸ್ಟೈನ್‌ಗೆ ಮಿನರಲ್ ಟರ್ಪೆಂಟೈನ್, ನೀರು ಆಧಾರಿತಕ್ಕೆ ಶುದ್ಧ ನೀರು. ಎಣ್ಣೆಯದಕ್ಕೆ ನೀರು ಬೆರೆಯುವುದೇ ಇಲ್ಲ. ಅಂಗಡಿಯಲ್ಲಿ ಬರೀ ‘ತಿನ್ನರ್’ ಎಂದು ಕೇಳಿದರೆ ಎನ್‌ಸಿ ತಿನ್ನರ್ ಕೊಟ್ಟುಬಿಡಬಹುದು. ಅದು ಲ್ಯಾಕರ್‌ಗೆ ಸೇರಿದ್ದು. ಬಹಳ ಬೇಗ ಆರಿ ಪಟ್ಟೆಪಟ್ಟೆಯಾಗಿಸುತ್ತದೆ, ಕೆಳಗಿನ ಹಳೆಯ ಪದರವನ್ನೂ ಎಬ್ಬಿಸುತ್ತದೆ. ಸೀಮೆಎಣ್ಣೆ ಜಿಡ್ಡು ಉಳಿಸಿ ಒಣಗುವುದನ್ನು ತಡಮಾಡುತ್ತದೆ. ಪೆಟ್ರೋಲಂತೂ ಮನೆ ಸುಡುವ ದಾರಿ.

ಡಬ್ಬಿಯಲ್ಲಿ ಬಣ್ಣ ಜೆಲ್ಲಿಯಂತೆ ಗಟ್ಟಿಯಾಗಿದ್ದರೆ ಅಥವಾ ನೀರಿನ ಸ್ಟೈನ್ ಹುಳಿ ವಾಸನೆ ಬರುತ್ತಿದ್ದರೆ ಯಾವ ತಿನ್ನರ್ ಕೂಡ ಅದನ್ನು ಉಳಿಸದು. ಹಾಳಾದ ಹಾಲನ್ನು ಕಾಸಿ ಸರಿಪಡಿಸಲಾಗುತ್ತದೆಯೇ?

ಹಚ್ಚುವ ಕ್ರಮ

ಒಂದು ಲೀಟರ್ ಸ್ಟೈನ್ ಸಾಧಾರಣ 40ರಿಂದ 80 ಚದರಡಿಗೆ ಸಾಕಾಗುತ್ತದೆ. ಹಳೆಯ ಒರಟು ಮರ ಹೆಚ್ಚು ಕುಡಿಯುತ್ತದೆ, ಗಟ್ಟಿ ಮರ ಕಡಿಮೆ. ಮನೆಯ ಗೋಡೆಯ ಬದಿಯಿಂದ ಆರಂಭಿಸಿ ಮೆಟ್ಟಿಲಿನ ಕಡೆಗೆ ಬನ್ನಿ. ಇಲ್ಲದಿದ್ದರೆ ಒದ್ದೆ ನೆಲದ ನಡುವೆ ನೀವೇ ಸೆರೆಯಾಗುತ್ತೀರಿ.

ಒಮ್ಮೆಗೆ ಎರಡು ಮೂರು ಹಲಗೆಗಳನ್ನು ಮಾತ್ರ ಹಿಡಿಯಿರಿ. ಈ ತುದಿಯಿಂದ ಆ ತುದಿಯವರೆಗೆ ಎಳೆಯುದ್ದಕ್ಕೂ ಬ್ರಷ್ ಓಡಿಸಿ. ಹಲಗೆಯ ನಡುವೆ ನಿಲ್ಲಿಸಿದರೆ ಅಲ್ಲಿ ಜೋಡಣೆಯ ಗಾಢ ಗೆರೆ ಬೀಳುತ್ತದೆ. ಕೊಯ್ದ ತುದಿಗಳಿಗೆ ಎರಡು ಬಾರಿ ಕುಡಿಸಿ. ಕೈ ಎಟಕುವಲ್ಲಿ ಹಲಗೆಯ ಅಡಿಭಾಗಕ್ಕೂ ಹಚ್ಚಿ.

ಹತ್ತು ಹದಿನೈದು ನಿಮಿಷದ ಬಳಿಕ ಹತ್ತಿಯ ಬಟ್ಟೆಯಿಂದ ಒರೆಸಿ. ಎಲ್ಲಿ ಹೊಳೆಯುತ್ತಿದೆಯೋ ಅಲ್ಲಿ ಮರ ಕುಡಿದಿಲ್ಲ. ಆ ಹೊಳಪನ್ನು ನಿರ್ದಾಕ್ಷಿಣ್ಯವಾಗಿ ಒರೆಸಿ ತೆಗೆಯಬೇಕು. ತಲೆಗೆ ಎಣ್ಣೆ ಹೆಚ್ಚಾದರೆ ದಿಂಬು ಕೊಳೆಯಾಗುವಂತೆ ಇಲ್ಲಿ ಹೆಚ್ಚಾದದ್ದು ಕಾಲಿಗೂ ಬಟ್ಟೆಗೂ ಅಂಟುತ್ತದೆ. ಎರಡನೆಯ ಕೈ ಬೇಕೇ ಎಂಬುದನ್ನೂ ಡಬ್ಬಿಯ ಬರಹವೇ ಹೇಳುತ್ತದೆ. ಗಟ್ಟಿ ಮರಕ್ಕೆ ಹೆಚ್ಚಾಗಿ ಒಂದೇ ಸಾಕು.

ಒಂದೆರಡು ದಿನ ಯಾರೂ ತುಳಿಯದಂತೆ ನೋಡಿಕೊಳ್ಳಿ. ಕುರ್ಚಿ, ಚಾಪೆ, ಹೂಕುಂಡಗಳನ್ನಿಡಲು ಒಂದು ವಾರ ತಾಳ್ಮೆ ಇರಲಿ. ಮನೆಯಲ್ಲಿ ಮದುವೆಯಿದ್ದರೆ ತಿಂಗಳ ಮೊದಲೇ ಈ ಕೆಲಸ ಮುಗಿದಿರಲಿ.

ನಮ್ಮಂತೆ ಅಂಟಾಗಿಬಿಟ್ಟರೆ? ಮತ್ತೊಂದು ಕೈ ಹಚ್ಚಿ ಮುಚ್ಚಲು ಹೋಗಬೇಡಿ. ಟರ್ಪೆಂಟೈನ್‌ನಲ್ಲಿ ಅದ್ದಿದ ಬಟ್ಟೆಯಿಂದ ಸ್ವಲ್ಪ ಸ್ವಲ್ಪ ಭಾಗವನ್ನೇ ತಿಕ್ಕಿ ಒರೆಸಿದರೆ ಒಂದೆರಡು ದಿನಗಳ ಅಂಟು ಬಿಟ್ಟು ಬರುತ್ತದೆ. ಪದರವಾಗಿ ಗಟ್ಟಿಯಾಗಿ ಸುಲಿಯತೊಡಗಿದ್ದರೆ ಕೆರೆದು, ಉಜ್ಜಿ, ಮರದ ಮೈ ಕಾಣಿಸಿ ಮೊದಲಿನಿಂದ ಆರಂಭಿಸುವುದೇ ದಾರಿ. ನಮಗೆ ಆ ಕೆಲಸಕ್ಕೆ ನಾಲ್ಕು ಆದಿತ್ಯವಾರಗಳು ಹಿಡಿದವು.

ಒರೆಸಿದ ಬಟ್ಟೆ ಎಲ್ಲಿ?

ಇಡೀ ಲೇಖನದಲ್ಲಿ ಒಂದೇ ಭಾಗ ನೆನಪಿಟ್ಟುಕೊಳ್ಳುವುದಾದರೆ ಇದನ್ನು ನೆನಪಿಡಿ. ಅಗಸೆ ಎಣ್ಣೆಯಂತಹ ಒಣಗುವ ಎಣ್ಣೆಗಳು ಗಾಳಿಯ ಆಮ್ಲಜನಕದೊಡನೆ ಸೇರಿಯೇ ಒಣಗುವುದು. ಆಗ ಬಿಸಿ ಹುಟ್ಟುತ್ತದೆ. ಹರಡಿದ ಬಟ್ಟೆಯಲ್ಲಿ ಆ ಬಿಸಿ ಹಾರಿಹೋಗುತ್ತದೆ. ಮುದ್ದೆ ಮಾಡಿ ಮೂಲೆಗೆಸೆದ ಬಟ್ಟೆಗಳ ರಾಶಿಯಲ್ಲಿ ಅದು ಒಳಗೊಳಗೇ ಏರುತ್ತದೆ. ಬೆಂಕಿಕಡ್ಡಿ ಗೀರದೆಯೇ, ಕೆಲವು ಗಂಟೆಗಳ ಬಳಿಕ, ಎಲ್ಲರೂ ಮಲಗಿದ್ದಾಗ ಆ ರಾಶಿ ತಾನಾಗಿ ಹೊತ್ತಿಕೊಳ್ಳಬಹುದು.

ಇದು ಹೆದರಿಸಲು ಹೇಳುವ ಕಥೆಯಲ್ಲ. 1991ರ ಫೆಬ್ರವರಿ 23ರಂದು ಅಮೆರಿಕದ ಫಿಲಡೆಲ್ಫಿಯಾದಲ್ಲಿ ಒನ್ ಮೆರಿಡಿಯನ್ ಪ್ಲಾಜಾ ಎಂಬ 38 ಮಹಡಿಗಳ ಕಟ್ಟಡಕ್ಕೆ ಬೆಂಕಿ ಬಿತ್ತು. 22ನೆಯ ಮಹಡಿಯಲ್ಲಿ ಮರದ ಹಲಗೆಗಳಿಗೆ ಪಾಲಿಶ್ ಮಾಡಿದವರು ಅಗಸೆ ಎಣ್ಣೆ ಹೀರಿದ ಬಟ್ಟೆಗಳನ್ನು ಬಿಟ್ಟುಹೋಗಿದ್ದರು. ಬೆಂಕಿ 18 ಗಂಟೆಗೂ ಹೆಚ್ಚು ಕಾಲ ಉರಿಯಿತು. ಮೂವರು ಅಗ್ನಿಶಾಮಕ ಸಿಬ್ಬಂದಿ ಪ್ರಾಣ ಕಳೆದುಕೊಂಡರು. ಆ ಕಟ್ಟಡವನ್ನು ಕೊನೆಗೆ 1999ರಲ್ಲಿ ಕೆಡವಬೇಕಾಯಿತು.

ಮದುವೆಯ ಗಡಿಬಿಡಿಯಲ್ಲಿ ನಾವು ಕೈ ಒರೆಸಿದ ಬಟ್ಟೆಗಳನ್ನೆಲ್ಲ ಒಂದು ಪ್ಲಾಸ್ಟಿಕ್ ಬಕೆಟ್‌ಗೆ ತುರುಕಿ ಮಾಳಿಗೆಯ ಏಣಿಯ ಕೆಳಗೆ ಇಟ್ಟಿದ್ದೆವು. ಪಕ್ಕದಲ್ಲೇ ಮದುವೆಗೆಂದು ತಂದ ಹಾಸಿಗೆಗಳ ಅಟ್ಟಿ. ಆ ರಾತ್ರಿ ಉಮ್ಮ ‘ಏನೋ ಕಮಟು ವಾಸನೆ’ ಎಂದು ಗೊಣಗುತ್ತಾ ಬಕೆಟನ್ನು ಅಂಗಳಕ್ಕೆ ತಂದು ಅದರ ಮೇಲೆ ನೀರು ಸುರಿದರು. ‘ಇದರೊಳಗೆ ಇಷ್ಟು ಬಿಸಿ ಹೇಗೆ ಬಂತು?’ ಎಂದು ಕೇಳಿದರು. ನನಗೆ ಅಂದು ಉತ್ತರ ತಿಳಿದಿರಲಿಲ್ಲ. ಉತ್ತರ ತಿಳಿದ ದಿನ ನನಗೆ ನಿದ್ದೆ ಬರಲಿಲ್ಲ. ಆ ರಾತ್ರಿ ಮದುಮಗಳೂ ಮಕ್ಕಳೂ ಮಲಗಿದ್ದುದು ಅದೇ ಏಣಿಯ ಮೇಲಿನ ಮಾಳಿಗೆಯಲ್ಲಿ.

ಎಣ್ಣೆ ಆಧಾರಿತ ಸ್ಟೈನ್ ಒರೆಸಿದ ಪ್ರತಿಯೊಂದು ಬಟ್ಟೆಯನ್ನೂ ಮನೆಯ ಹೊರಗೆ, ಒಂದರ ಮೇಲೊಂದು ಬೀಳದಂತೆ, ಬಿಡಿಬಿಡಿಯಾಗಿ ಹರಡಿ. ಒಣಗಿ ಹಪ್ಪಳದಂತೆ ಸೆಟೆದ ಮೇಲೆ ಎಸೆಯಬಹುದು. ಅಷ್ಟು ಜಾಗವಿಲ್ಲದಿದ್ದರೆ ಮುಚ್ಚಳವಿರುವ ತಗಡಿನ ಡಬ್ಬಿಯಲ್ಲಿ ನೀರು ತುಂಬಿ ಪೂರ್ತಿ ಮುಳುಗಿಸಿಡಿ.

ಮಕ್ಕಳಿರುವ ಮನೆಯಲ್ಲಿ

ಟರ್ಪೆಂಟೈನ್ ನೋಡಲು ನೀರಿನಂತೆಯೇ ಇರುತ್ತದೆ. ಅದನ್ನು ಶರಬತ್ತಿನ ಅಥವಾ ನೀರಿನ ಬಾಟಲಿಯಲ್ಲಿ ಎಂದೂ ತುಂಬಿಸಿಡಬೇಡಿ. ತಂದ ಡಬ್ಬಿಯಲ್ಲೇ ಇರಲಿ, ಮಕ್ಕಳ ಕೈಗೆ ಎಟಕದ ಕಡೆ ಇರಲಿ. ಒಂದು ವೇಳೆ ಮಗು ಕುಡಿದುಬಿಟ್ಟರೆ ಬಾಯಿಗೆ ಬೆರಳು ಹಾಕಿ ವಾಂತಿ ಮಾಡಿಸಬೇಡಿ. ವಾಂತಿಯಾಗುವಾಗ ಅದು ಶ್ವಾಸಕೋಶಕ್ಕೆ ಇಳಿದರೆ ಅಪಾಯ ಹೆಚ್ಚು. ಡಬ್ಬಿಯನ್ನು ಜೊತೆಗೆ ಹಿಡಿದುಕೊಂಡು ಕೂಡಲೇ ಆಸ್ಪತ್ರೆಗೆ ಧಾವಿಸಿ.

ಗರ್ಭಿಣಿಯರು ಮತ್ತು ದಮ್ಮು ಇರುವವರು ಈ ವಾಸನೆಯಿಂದ ದೂರವಿರುವುದು ಲೇಸು. ಉಳಿದವರು ಗಾಳಿ ಬೆಳಕಿರುವಲ್ಲಿ ಕೈಗವಸು ಹಾಕಿಕೊಂಡೇ ಮಾಡಲಿ. ಹತ್ತಿರದಲ್ಲಿ ಒಲೆ, ಬೀಡಿ, ಸಿಗರೇಟು ಇರಬಾರದು. ಕೈಗೆ ಅಂಟಿದ ಬಣ್ಣಕ್ಕೆ ತಿನ್ನರ್ ಸುರಿಯಬೇಡಿ. ತೆಂಗಿನೆಣ್ಣೆ ತಿಕ್ಕಿ ಅನಂತರ ಸಾಬೂನಿನಿಂದ ತೊಳೆದರೆ ಹೋಗುತ್ತದೆ.

ಬ್ರಷ್ ತೊಳೆದ ಟರ್ಪೆಂಟೈನನ್ನು ಬಚ್ಚಲಿಗೆ, ಚರಂಡಿಗೆ, ಬಾವಿಕಟ್ಟೆಯ ಬಳಿ ಚೆಲ್ಲಬಾರದು. ನಮ್ಮ ಬಾವಿಯ ನೀರನ್ನೇ ನಾವು ಕುಡಿಯುವವರು. ಅದನ್ನು ಮುಚ್ಚಳವಿರುವ ಗಾಜಿನ ಭರಣಿಯಲ್ಲಿ, ಹೆಸರು ಬರೆದಂಟಿಸಿ ಕೆಲವು ದಿನ ಇಟ್ಟರೆ ಗಸಿ ತಳಕ್ಕೆ ಕೂರುತ್ತದೆ. ಮೇಲಿನ ತಿಳಿಯನ್ನು ಮುಂದಿನ ಬಾರಿ ಬ್ರಷ್ ತೊಳೆಯಲು ಬಳಸಬಹುದು.

ಹನಿಗಳು ಮುತ್ತಾದ ದಿನ

2023ರ ಜನವರಿಯಲ್ಲಿ ಅತ್ತಿಗೆ ಮತ್ತು ನಾನು ಮತ್ತೆ ಜಗಲಿಗೆ ಇಳಿದೆವು. ಈ ಬಾರಿ ತೊಳೆಯಲು ಒಂದು ದಿನ, ಒಣಗಲು ಒಂದು ವಾರ, ಉಜ್ಜಲು ಎರಡು ದಿನ. ಹಚ್ಚಲು ಒಂದು ಬೆಳಿಗ್ಗೆ ಮಾತ್ರ. ಅತ್ತಿಗೆ ಹಚ್ಚುತ್ತಾ ಮುಂದೆ ಹೋದರು, ನಾನು ಹಿಂದಿನಿಂದ ಒರೆಸುತ್ತಾ ಹೋದೆ. ಮುಗಿದಾಗ ಜಗಲಿ ಹೊಳೆಯಲಿಲ್ಲ. ‘ಇದೇನು, ಹಚ್ಚಿದ ಹಾಗೇ ಇಲ್ಲವಲ್ಲ!’ ಎಂದು ಅತ್ತಿಗೆ ನಿರಾಶರಾದರು. ಬಣ್ಣ ಮೇಲೆ ಕಾಣುತ್ತಿರಲಿಲ್ಲ, ಮರವೇ ಬಣ್ಣವಾಗಿತ್ತು.

ಜೂನ್‌ನಲ್ಲಿ ಮೊದಲ ಮಳೆ ಬಿದ್ದಾಗ ಇಬ್ಬರೂ ಹಿಂಬಾಗಿಲಿಗೆ ಓಡಿದೆವು. ಹನಿಗಳು ಹಲಗೆಯ ಮೇಲೆ ಮುತ್ತಿನಂತೆ ಉರುಳಿ ಸಂದಿಗಳಿಂದ ಕೆಳಗೆ ಜಾರುತ್ತಿದ್ದವು. ಈಗ ಪ್ರತಿವರ್ಷ ಮಳೆ ನಿಂತ ಮೇಲೆ ನಾವು ಆ ಹನಿಯ ಪರೀಕ್ಷೆ ಮಾಡುತ್ತೇವೆ. ಹನಿ ನಿಂತರೆ ಆ ವರ್ಷ ತೊಳೆದು ಗುಡಿಸಿದರೆ ಸಾಕು. ಹೀರಿಕೊಂಡರೆ ಮತ್ತೊಂದು ತೆಳುವಾದ ಕೈ. ಬಿಸಿಲು ಮಳೆಗೆ ತೆರೆದ ನೆಲಕ್ಕೆ ಸಾಮಾನ್ಯವಾಗಿ ಎರಡು ಮೂರು ವರ್ಷಕ್ಕೊಮ್ಮೆ ಇದು ಬೇಕಾಗುತ್ತದೆ. ಮಾಡಿನ ಕೆಳಗಿನ ಬಾಗಿಲಿಗೆ ಇನ್ನೂ ತಡವಾಗಿ.

ಕಳೆದ ರಜೆಯಲ್ಲಿ ಅಣ್ಣನ ಮಗಳು ತನ್ನ ಮಗುವನ್ನು ಕರೆದುಕೊಂಡು ಬಂದಿದ್ದಳು. ಮಗು ಆ ಜಗಲಿಯ ಮೇಲೆಯೇ ಅಂಬೆಗಾಲಿಟ್ಟಿತು. ಅದರ ಬಿಳಿ ಅಂಗಿಯನ್ನು ಅತ್ತಿಗೆ ಎತ್ತಿ ಹಿಂದೆ ಮುಂದೆ ತಿರುಗಿಸಿ ನೋಡಿ ನನ್ನತ್ತ ನಕ್ಕರು. ಒಂದು ಕಲೆಯೂ ಇರಲಿಲ್ಲ.